ಆಗುವುದಿಲ್ಲ ಎಂಬುದನ್ನೇ ಬರೆದುಕೊಡಿ

ಅಜ್ಜಿ ಹಳದಿ ಕೈಚೀಲವನ್ನು ನನ್ನ ಮೇಜಿನ ಮೇಲೆ ಸುರಿದರು. ಪಡಿತರ ಚೀಟಿ, ಒಂದು ಕರೆಂಟ್ ಬಿಲ್ಲು, ಮಡಿಕೆಯಲ್ಲಿ ಹರಿದು ಎರಡಾಗಿದ್ದ ತಾಯಿ ಕಾರ್ಡ್ (ಗರ್ಭಿಣಿ ಮತ್ತು ಮಗುವಿನ ಆರೋಗ್ಯದ ದಾಖಲೆ), ಬೆಂಗಳೂರಿನ ಯಾವುದೋ ಶಾಲೆಯ ಗುರುತಿನ ಚೀಟಿ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳಿಗೆ ಹನ್ನೊಂದು ವರ್ಷ. ಜೂನ್ ತಿಂಗಳು, ಶಾಲೆ ಶುರುವಾಗಿ ಎರಡು ವಾರ ಕಳೆದಿತ್ತು.

“ಬೆಂಗಳೂರಿನಿಂದ ಟಿಸಿ ತಂದರೆ ಮಾತ್ರ ಸೇರಿಸಿಕೊಳ್ಳುತ್ತಾರಂತೆ, ಅವ್ವಾ” ಎಂದರು.

ಯಾದಗಿರಿ ಜಿಲ್ಲೆಯ ತಾಂಡಾಗಳಿಂದ, ಅಂದರೆ ಲಂಬಾಣಿ ಜನರ ವಸತಿಗಳಿಂದ, ಬರುವ ಇಂಥ ಪ್ರಕರಣಗಳನ್ನು ಒಂದು ಸಣ್ಣ ಸಂಸ್ಥೆಯ ವಕೀಲೆಯಾಗಿ ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ದೀಪಾವಳಿ ಮುಗಿಯುತ್ತಿದ್ದಂತೆ ಜನ ಗುಳೆ ಹೊರಡುತ್ತಾರೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆಗೆ, ಮುಂಬೈಗೆ, ಹೈದರಾಬಾದಿಗೆ. ಮುಂಗಾರಿನ ಹೊತ್ತಿಗೆ ಬಿತ್ತನೆಗೆ ಮರಳುತ್ತಾರೆ. ನಡುವಿನ ಆರು ತಿಂಗಳಲ್ಲಿ ಮಗುವಿನ ಹೆಸರು ಎಲ್ಲಿ ಹೋಯಿತು ಎಂದು ಹುಡುಕುವುದೇ ನನ್ನ ಕೆಲಸದ ಬಹುಪಾಲು.

ನಮ್ಮ ಜಿಲ್ಲೆಗೂ ಶಿಕ್ಷಣ ಹಕ್ಕು ಕಾಯ್ದೆಗೂ ಒಂದೇ ವಯಸ್ಸು. ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 2011ರ ಜನಗಣತಿ ನಡೆದಾಗ ಜಿಲ್ಲೆಯ ಸಾಕ್ಷರತೆ ಶೇ 51.83 ಇತ್ತು, ರಾಜ್ಯದಲ್ಲೇ ಕಡಿಮೆ. ಆಗ ಎಣಿಕೆಯಲ್ಲಿ ಅನಕ್ಷರಸ್ಥರಾಗಿದ್ದವರ ಮಕ್ಕಳು, ಮೊಮ್ಮಕ್ಕಳೇ ಈಗ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದಾರೆ.

ಕಾನೂನು ಈ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಟ್ಟಿಲ್ಲ. ಕಾಯ್ದೆಯ 5ನೇ ಕಲಂ ಪ್ರಕಾರ ವರ್ಗಾವಣೆ ಪತ್ರ (ಟಿಸಿ) ತಡವಾಯಿತೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂಬುದೂ ಕಾರಣವಾಗದು. ಅಂಗನವಾಡಿಯ ದಾಖಲೆ, ಅದೂ ಇಲ್ಲದಿದ್ದರೆ ಪೋಷಕರ ಘೋಷಣೆ ಸಾಕು. 4ನೇ ಕಲಂ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಇಷ್ಟೆಲ್ಲ ಇದ್ದರೂ ಆ ಹುಡುಗಿ ಹದಿನೈದು ದಿನ ಶಾಲೆಯ ಗೇಟಿನ ಹೊರಗಿದ್ದಳು. ಏಕೆಂದರೆ ಆಕೆಗೆ ‘ಇಲ್ಲ’ ಎಂದದ್ದು ಬಾಯಿಮಾತಿನಲ್ಲಿ. ಬಾಯಿಮಾತಿನ ‘ಇಲ್ಲ’ವನ್ನು ಯಾರ ಮುಂದೆ ಪ್ರಶ್ನಿಸುವುದು? ಮರುದಿನ ಕೇಳಿದರೆ “ನಾವು ಹಾಗೆ ಹೇಳಿಯೇ ಇಲ್ಲ” ಎನ್ನುತ್ತಾರೆ.

ವೃತ್ತಿಗೆ ಬಂದ ಮೊದಲ ವರ್ಷ ಇಂಥದ್ದೇ ಪ್ರಕರಣದಲ್ಲಿ ನಾನು ನೇರವಾಗಿ ಲಾಯರ್ ನೋಟಿಸ್ ಕಳುಹಿಸಿದ್ದೆ. ಹುಡುಗನನ್ನು ಮೂರೇ ದಿನದಲ್ಲಿ ಸೇರಿಸಿಕೊಂಡರು. ಗೆದ್ದೆ ಎಂದುಕೊಂಡೆ. ತಿಂಗಳ ನಂತರ ತಾಂಡಾಕ್ಕೆ ಹೋದರೆ ಅವನು ಕುರಿ ಹಿಂದೆ ಹೋಗಿದ್ದ. ತರಗತಿಯಲ್ಲಿ ಅವನೊಬ್ಬನನ್ನು ಹಿಂದೆ ಕೂರಿಸಿದ್ದರು, ಯಾರೂ ಮಾತನಾಡಿಸುತ್ತಿರಲಿಲ್ಲ, “ಕೋರ್ಟಿನವನು” ಎಂದು ಹೆಸರಿಟ್ಟಿದ್ದರು. ಆ ಹುಡುಗನನ್ನು ಮತ್ತೆ ಶಾಲೆಗೆ ಕರೆತರಲು ನನ್ನಿಂದ ಆಗಲೇ ಇಲ್ಲ. ಇಂದಿಗೂ ಅದು ನನ್ನನ್ನು ಬಾಧಿಸುತ್ತದೆ. ಅಂದಿನಿಂದ ಮೊದಲು ಶಾಲೆಗೆ ಹೋಗಿ ಕುಳಿತು ಮಾತನಾಡುತ್ತೇನೆ. ಕಾಗದ ಅದರ ನಂತರ.

ಅಜ್ಜಿಯ ಜೊತೆ ಹೋದ ದಿನ ಮುಖ್ಯಗುರುಗಳು ಹಾಜರಿ ಪುಸ್ತಕವನ್ನು ತೆರೆದೇ ತೋರಿಸಿದರು. ನವೆಂಬರಿನ ಪುಟದಲ್ಲಿ ಹುಡುಗಿಯ ಸಾಲಿನುದ್ದಕ್ಕೂ ಗೈರಿನ ಗುರುತು. ಡಿಸೆಂಬರಿನಲ್ಲಿ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ‘ಗುಳೆ’ ಎಂಬ ಎರಡೇ ಅಕ್ಷರ. ಅವರ ಕಷ್ಟವೂ ಸುಳ್ಳಲ್ಲ. ಬೆಂಗಳೂರಿನಲ್ಲಿ ಎರಡು ತಿಂಗಳು ಆಕೆ ಸರ್ಕಾರಿ ಶಾಲೆಗೆ ಹೋಗಿದ್ದಳು. ಆಕೆಯ ಎಸ್‌ಎಟಿಎಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆಯ ಕಂಪ್ಯೂಟರಿನಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ, ಅಲ್ಲಿಗೆ ಹೋಗಿತ್ತು. ಆ ಶಾಲೆಯವರು ಬಿಟ್ಟುಕೊಡದೆ ಇಲ್ಲಿ ಕಂಪ್ಯೂಟರಿನಲ್ಲಿ ಹೆಸರು ಹತ್ತುವುದಿಲ್ಲ. ಹೆಸರು ಹತ್ತದ ಮಗುವಿಗೆ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟದ ಲೆಕ್ಕ ಕೊಡುವುದು ಹೇಗೆ ಎಂಬುದು ಅವರ ಭಯ.

“ಗುರುಗಳೇ, ಕಂಪ್ಯೂಟರಿಗೆ ಹೆಸರು ನಾಳೆ ಹತ್ತಲಿ. ಹುಡುಗಿ ಇವತ್ತೇ ತರಗತಿಯಲ್ಲಿ ಕೂರಲಿ” ಎಂದೆ. ಮೇಲಿನವರು ಕೇಳಿದರೆ ಏನು ಹೇಳಲಿ ಎಂದರು. ಆಗ ಅರ್ಜಿಯನ್ನು ಮುಂದಿಟ್ಟೆ.

ಆ ಅರ್ಜಿಯನ್ನು ನಾನು ಬರೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ಅರ್ಜಿದಾರರು ತಾಯಿ, ತಂದೆ ಅಥವಾ ಅಜ್ಜಿ. ನನ್ನ ಹೆಸರು ಎಲ್ಲಿಯೂ ಇರುವುದಿಲ್ಲ. ಹೆಬ್ಬೆಟ್ಟಾದರೂ ಅವರದೇ ಇರಬೇಕು. ಮೊದಲ ಪ್ಯಾರಾದಲ್ಲಿ ನಡೆದದ್ದು ಮಾತ್ರ, ತಾರೀಖಿನೊಂದಿಗೆ: ಯಾವ ದಿನ ಹೋದೆವು, ಏನು ಕೇಳಿದೆವು, ಏನು ಹೇಳಿದರು. ಬೈಗುಳವಾಗಲಿ, ಆರೋಪವಾಗಲಿ ಇಲ್ಲ. ಎರಡನೆಯದರಲ್ಲಿ ಕಲಂ ಸಂಖ್ಯೆ. ಕೊನೆಯಲ್ಲಿ ಒಂದೇ ಸಾಲು: ಈ ಮನವಿಯನ್ನು ಒಪ್ಪಲಾಗದಿದ್ದಲ್ಲಿ ಕಾರಣವನ್ನು ಹಿಂಬರಹದ ಮೂಲಕ ತಿಳಿಸಬೇಕಾಗಿ ವಿನಂತಿ. ಹಿಂಬರಹವೆಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳುತ್ತೇವೆ. ಕಚೇರಿಯಲ್ಲಿ ಅರ್ಜಿಯನ್ನು ತೆಗೆದುಕೊಳ್ಳದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಪ್ರತಿಗೆ ಪಿನ್ನು ಹೊಡೆಯುತ್ತೇವೆ.

ಆ ಕೊನೆಯ ಸಾಲಿನ ಶಕ್ತಿಯನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮಗುವನ್ನು ಸೇರಿಸಿಕೊಳ್ಳುವುದಿಲ್ಲವೆಂದು ಸಹಿ ಹಾಕಿ ಬರೆದುಕೊಡಲು ಯಾರ ಕೈಯೂ ಏಳುವುದಿಲ್ಲ. ಬರೆದುಕೊಟ್ಟರೋ, ಅದು ನಮಗೆ ದಾರಿ ತೆರೆಯುತ್ತದೆ: 32ನೇ ಕಲಂ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ದೂರು, ಅಲ್ಲಿಂದ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಅದೂ ಸಾಲದಿದ್ದರೆ ಹೈಕೋರ್ಟಿನ ಕಲಬುರಗಿ ಪೀಠ. ರಿಟ್ ಅರ್ಜಿ ಹಾಕುವಾಗ ನ್ಯಾಯಾಲಯ ಮೊದಲು ಕೇಳುವುದು, ನೀವು ಕೇಳಿದ್ದಿರಾ, ಅವರು ನಿರಾಕರಿಸಿದರಾ ಎಂದು. ಎರಡಕ್ಕೂ ಕಾಗದ ಬೇಕು. ಶುಲ್ಕದ ಚಿಂತೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಕ್ಕಳಿಗೆ ಮತ್ತು ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ.

ಮುಖ್ಯಗುರುಗಳು ಅರ್ಜಿಯನ್ನು ಎರಡು ಸಲ ಓದಿದರು. ಮೇಲಿನವರಿಗೆ ತೋರಿಸಲು ಅವರಿಗೂ ಒಂದು ಕಾಗದ ಸಿಕ್ಕಂತಾಯಿತು. ಅಂದೇ ಆಕೆಯನ್ನು ಆರನೇ ತರಗತಿಯಲ್ಲಿ ಕೂರಿಸಿದರು. ಬೆಂಗಳೂರಿನ ಶಾಲೆಗೆ ಫೋನ್ ಮಾಡಿ ಸಂಖ್ಯೆ ಬಿಡಿಸಿಕೊಂಡವರೂ ಅವರೇ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದರೆ ನವೆಂಬರಿನಲ್ಲಿ ಅದೇ ಕೆಂಪು ಗೆರೆ ಮತ್ತೆ ಬೀಳುತ್ತಿತ್ತು. ಆಗಸ್ಟಿನ ಮಳೆಗೆ ಅಜ್ಜಿಯ ಮನೆಯ ಹಿಂಗೋಡೆ ಕುಸಿಯಿತು. ಆ ಮನೆ ಗಟ್ಟಿಯಿದ್ದರೆ ಮೊಮ್ಮಕ್ಕಳು ಅಜ್ಜಿಯೊಂದಿಗೆ ಉಳಿಯುತ್ತಾರೆ. ಇಲ್ಲದಿದ್ದರೆ ತಾಯಿಯ ಬೆನ್ನಿಗೆ ಬೆಂಗಳೂರಿನ ಶೆಡ್ಡಿಗೆ. ಶಾಲೆಯ ಪ್ರಕರಣವೂ ಮನೆಯ ಪ್ರಕರಣವೂ ಬೇರೆ ಬೇರೆ ಕಡತಗಳಲ್ಲ ಎಂಬುದು ನನಗೆ ಅಲ್ಲಿ ಮನದಟ್ಟಾಯಿತು.

ಮನೆ ಕಟ್ಟಿಸಿಕೊಳ್ಳಲು ನೆರವು ಬೇಕೆಂದರೆ ಜಾಗ ಅವರ ಹೆಸರಿನಲ್ಲಿರಬೇಕು. ತಾಂಡಾಗಳ ಬಹುಪಾಲು ಮನೆಗಳಿಗೆ ದಾಖಲೆಯೇ ಇರಲಿಲ್ಲ. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು, ಅಂದರೆ ಸರ್ಕಾರಿ ಭೂದಾಖಲೆಯಲ್ಲಿ ಸೇರಿದ ಊರುಗಳೆಂದು, ಘೋಷಿಸಿ, 2023ರ ಜನವರಿ 19ರಂದು ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಮನೆಯ ಜಾಗದ ಹಕ್ಕುಪತ್ರ ವಿತರಿಸುವ ಕಾರ್ಯಕ್ರಮ ನಡೆಯಿತು. ದೊಡ್ಡ ಕೆಲಸವೇ. ಆದರೆ ಈ ತಾಂಡಾದಲ್ಲಿ ಮನೆ ಮನೆ ಅಳತೆ ಮಾಡಿದ ದಿನ ಅಜ್ಜಿಯ ಬಾಗಿಲಿಗೆ ಬೀಗವಿತ್ತು. ಮಗಳ ಹಸುಗೂಸನ್ನು ನೋಡಿಕೊಳ್ಳಲು ಆ ವರ್ಷ ಅವರೂ ಗುಳೆ ಹೋಗಿದ್ದರು. ಬೀಗ ಕಂಡವರು ಹೆಸರು ಬರೆದುಕೊಳ್ಳಲಿಲ್ಲ.

ಹಳದಿ ಚೀಲದ ಆ ಕರೆಂಟ್ ಬಿಲ್ಲು ಆಗ ಕೆಲಸಕ್ಕೆ ಬಂತು. ಬಡವರಿಗೆ ಸರ್ಕಾರ ಕೊಟ್ಟ ಭಾಗ್ಯಜ್ಯೋತಿ ಸಂಪರ್ಕದ ಒಂದೇ ಬಲ್ಬಿನ ಬಿಲ್ಲು, ಅಜ್ಜಿಯ ಹೆಸರಿನಲ್ಲೇ. ಅದರೊಂದಿಗೆ ಮತದಾರರ ಪಟ್ಟಿಯ ಪುಟ, ಪಂಚಾಯಿತಿಗೆ ತೆರಿಗೆ ಕಟ್ಟಿದ ಎರಡು ರಸೀದಿ, ಅಕ್ಕಪಕ್ಕದ ಐವರ ಹೇಳಿಕೆ ಜೋಡಿಸಿ, ಅಧಿಕಾರಿಗಳು ಮನೆಗೇ ಬಂದು ಸಾಕ್ಷಿಗಳ ಮುಂದೆ ಸ್ಥಳ ಪಂಚನಾಮೆ ಮಾಡಬೇಕೆಂದು ಅರ್ಜಿ ಕೊಟ್ಟೆವು. ಕೊನೆಯ ಸಾಲು ಅದೇ.

ಆ ವರ್ಷ ದಸರೆಗೆ ಮುಂಚೆಯೇ ತಾಂಡಾಕ್ಕೆ ಹೋಗಿ ಯಾರು ಯಾರು ಗುಳೆ ಹೊರಡುತ್ತಾರೆಂದು ಪಟ್ಟಿ ಮಾಡಿದೆವು. ಈಗ ಪ್ರತಿವರ್ಷ ಮಾಡುತ್ತೇವೆ. ಅಜ್ಜಿಯ ಬಳಿ ಉಳಿಯುವ ಮಕ್ಕಳು ಯಾರು, ಪೋಷಕರು ಗುಳೆ ಹೋದಾಗ ಮಕ್ಕಳು ಉಳಿಯುವ ಹಂಗಾಮಿ ವಸತಿ ಬೇಕಾದವರು ಯಾರು ಎಂಬುದನ್ನು ಶಾಲೆಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಕೊಡುತ್ತೇವೆ. ಹತ್ತಿ ಬಿಡಿಸುವ ಸಮಯವೂ ಅದೇ ಆದ್ದರಿಂದ ಮಕ್ಕಳ ಬೆರಳುಗಳನ್ನೂ ನೋಡುತ್ತೇನೆ. ಒಣಗಿದ ಹತ್ತಿಕಾಯಿಯ ತುದಿ ಚುಚ್ಚಿ ಉಗುರಿನ ಬುಡದಲ್ಲಿ ಗೀರುಗಳಾಗಿರುತ್ತವೆ. ಹಾಜರಿ ಪುಸ್ತಕದಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ.

ಹಕ್ಕುಪತ್ರ ಇನ್ನೂ ಬಂದಿಲ್ಲ. ಹಿಂಗೋಡೆಗೆ ತಾಂಡಾದವರೇ ಸೇರಿ ತಗಡು ಹೊಡೆದುಕೊಟ್ಟಿದ್ದಾರೆ. ಹುಡುಗಿಯೂ ಆಕೆಯ ತಮ್ಮನೂ ಅಜ್ಜಿಯೊಂದಿಗೇ ಉಳಿದರು. ಸಮೀಕ್ಷಾ ಪಟ್ಟಿಯಲ್ಲಿ ಹೆಸರಿಲ್ಲದ ಕಾರಣ ಮನವಿಯನ್ನು ಪರಿಗಣಿಸಲು ಅವಕಾಶವಿಲ್ಲವೆಂದು ಕೊನೆಗೂ ಲಿಖಿತವಾಗಿ ಹಿಂಬರಹ ಬಂದಿದೆ. ಅದನ್ನು ಲಗತ್ತಿಸಿ ಉಪವಿಭಾಗಾಧಿಕಾರಿಗಳ ನ್ಯಾಯಾಲಯದಲ್ಲಿ ಮೇಲ್ಮನವಿ ಹಾಕಿದ್ದೇವೆ. ವಿಚಾರಣೆಯ ನೋಟಿಸನ್ನು ಹುಡುಗಿಯೇ ಅಜ್ಜಿಗೆ ಓದಿ ಹೇಳಿದಳು, ‘ಮೇಲ್ಮನವಿದಾರರು’ ಎಂಬಲ್ಲಿ ಎರಡು ಸಲ ತಡವರಿಸಿ. ಆಮೇಲೆ ಅಜ್ಜಿ ಹೇಳಿದಂತೆ ಬಾಗಿಲಿನ ಒಳಬದಿಯಲ್ಲಿ ಆ ದಿನಾಂಕವನ್ನು ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದಳು.