ತಲೆಗೆ ಪೆಟ್ಟಾದವರ ಜೊತೆ ಪೇಟೆಗೆ, ದಾಸೋಹಕ್ಕೆ

"ಇವರು ಸೋಮಾರಿಯಾಗಿಬಿಟ್ಟಿದ್ದಾರೆ ಮೇಡಂ." ಆಟೋ ಅಣ್ಣನ ಹೆಂಡತಿ ಮೊದಲ ದಿನ ನನಗೆ ಹೇಳಿದ್ದು ಇದು. ಹೇಳುವಾಗ ಅವರ ಕಣ್ಣು ತುಂಬಿತ್ತು.

ಹೆಸರು ಬೇಡ, ಆಟೋ ಅಣ್ಣ ಅಂತಲೇ ಕರೆಯುತ್ತೇನೆ. ಹದಿನಾಲ್ಕು ವರ್ಷ ಬೆಳಗಿನ ಐದಕ್ಕೇ ಎದ್ದು ಗಾಡಿ ತೆಗೆದವರು. ಅಪಘಾತವಾಗಿ ಎಂಟು ತಿಂಗಳಾಗಿತ್ತು. ಕೈಕಾಲು ಸರಿ ಇತ್ತು, ಮಾತೂ ಸರಿ ಇತ್ತು. ಆದರೆ ಕೂರಿಸಿದ ಕಡೆಯೇ ಕೂತಿರುತ್ತಿದ್ದರು. ತಟ್ಟೆ ಮುಂದಿಟ್ಟರೆ ಊಟ ಮಾಡುತ್ತಿದ್ದರು. ಇಡದಿದ್ದರೆ ಹಸಿವು ಅಂತ ಕೂಡ ಹೇಳುತ್ತಿರಲಿಲ್ಲ.

ನಾನು ಮೈಸೂರಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಕಾಯಿಲೆ ಅಥವಾ ಪೆಟ್ಟಾದವರಿಗೆ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವವಳು. ಇಂಥ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ತಲೆ ಜೋರಾಗಿ ಹೋಗಿ ಧಡಕ್ಕನೆ ನಿಂತಾಗ ಒಳಗಿರುವ ಮೆದುಳು ಮುಂದಕ್ಕೆ ಜಾರುತ್ತದೆ. ಹಣೆಯ ಹಿಂದೆ, ಬುಡದಲ್ಲಿ ಬುರುಡೆಯ ಮೂಳೆ ಒರಟಾಗಿರುತ್ತದೆ. ಮೆದುಳಿನ ಮುಂಭಾಗ ಅಲ್ಲಿ ಉಜ್ಜಿ ಗಾಯವಾಗುತ್ತದೆ. ಒಂದು ಕೆಲಸವನ್ನು ತಾನಾಗಿ ಶುರು ಮಾಡುವ ಶಕ್ತಿ ಇರುವುದೂ ಅಲ್ಲೇ. ಇದನ್ನು ಆಟೋ ಅಣ್ಣನ ಹೆಂಡತಿಗೆ ಹೀಗೆ ಹೇಳಿದೆ: "ಎಂಜಿನ್ ಚೆನ್ನಾಗಿದೆ ಅಕ್ಕ. ಸೆಲ್ಫ್ ಸ್ಟಾರ್ಟ್ ಹೋಗಿದೆ. ಸದ್ಯಕ್ಕೆ ನಾವು ತಳ್ಳಿ ಸ್ಟಾರ್ಟ್ ಮಾಡಬೇಕು." ಅವರಿಗೆ ತಕ್ಷಣ ಅರ್ಥವಾಯಿತು.

ಆದರೆ ಥೆರಪಿ ಕೋಣೆಯಲ್ಲಿ ಈ ತೊಂದರೆ ಕಾಣುವುದೇ ಇಲ್ಲ. ಅಲ್ಲಿ ನಾನೇ ಎದುರಿಗೆ ಕೂತು "ಈಗ ಇದು ಮಾಡಿ, ಈಗ ಅದು ಮಾಡಿ" ಅನ್ನುತ್ತಿರುತ್ತೇನೆ. ಆಟೋ ಅಣ್ಣ ಚಿಲ್ಲರೆ ಲೆಕ್ಕ ಎಲ್ಲಾ ಸರಿಯಾಗಿ ಮಾಡಿದರು. 1991ರಲ್ಲಿ ಲಂಡನ್ನಿನಲ್ಲಿ ಶಾಲಿಸ್ ಮತ್ತು ಬರ್ಜೆಸ್ ಎಂಬ ಇಬ್ಬರು ಇದನ್ನೇ ತೋರಿಸಿದ್ದರು. ಮೆದುಳಿನ ಮುಂಭಾಗಕ್ಕೆ ಪೆಟ್ಟಾದ ಮೂವರಿಗೆ ಅಂಗಡಿ ಬೀದಿಯಲ್ಲಿ ಕೆಲವು ಸಣ್ಣ ಕೆಲಸ ಕೊಟ್ಟರು. ಒಂದಿಷ್ಟು ಸಾಮಾನು ಕೊಳ್ಳುವುದು, ಕೆಲವು ವಿಷಯ ವಿಚಾರಿಸುವುದು, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿರುವುದು. ಮಾಮೂಲಿ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡುತ್ತಿದ್ದವರು ಬೀದಿಯಲ್ಲಿ ಎಡವಿದರು. ನಾನು ಓದುವಾಗ ಇದು ಪರೀಕ್ಷೆಗೆ ಬರುವ ಒಂದು ಪ್ರಶ್ನೆ, ಅಷ್ಟೇ. ಈಗ ಪ್ರತಿ ಶನಿವಾರ ನಾನು ಇಂಥವರನ್ನು ಹೊರಗೆ ಕರೆದುಕೊಂಡು ಹೋಗುವುದು ಇದರ ಮೇಲೇ ನಿಂತಿದೆ.

ಮೊದಲ ಸಲ ನಾನು ಮಾಡಿದ್ದು ತಪ್ಪು. ಭಾನುವಾರ ಸಂಜೆ ಒಂಬತ್ತು ಜನರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಅರಮನೆಯ ದೀಪ ನೋಡಲು ಹೋದೆ. ಖುಷಿಪಡಲಿ ಅಂದುಕೊಂಡಿದ್ದೆ. ಲಕ್ಷದ ಹತ್ತಿರ ಬಲ್ಬುಗಳು ಒಟ್ಟಿಗೆ ಹೊತ್ತಿಕೊಂಡವು, ಬ್ಯಾಂಡ್ ಶುರುವಾಯಿತು, ಜನ ನುಗ್ಗಿದರು. ಒಬ್ಬರು ಕಿವಿ ಮುಚ್ಚಿಕೊಂಡು ನೆಲದ ಮೇಲೇ ಕೂತುಬಿಟ್ಟರು. ಇನ್ನೊಬ್ಬರು ಗುಂಪಿನಲ್ಲಿ ಕಾಣೆಯಾಗಿ ಇಪ್ಪತ್ತು ನಿಮಿಷ ಸಿಗಲೇ ಇಲ್ಲ. ಆ ಇಪ್ಪತ್ತು ನಿಮಿಷವನ್ನು ನಾನು ಇವತ್ತಿಗೂ ಮರೆತಿಲ್ಲ. ಪೆಟ್ಟಾದ ಮೆದುಳಿಗೆ ಬೇಡದ ಶಬ್ದವನ್ನು ಪಕ್ಕಕ್ಕೆ ಸರಿಸುವುದು ಬಹಳ ಕಷ್ಟ. ಎಲ್ಲವೂ ಒಂದೇ ಜೋರಿನಲ್ಲಿ ಒಳಗೆ ಬರುತ್ತದೆ.

ಈಗ ನಾಲ್ಕೇ ಜನರನ್ನು ಕರೆದುಕೊಂಡು ಹೋಗುತ್ತೇನೆ. ಜೊತೆಗೆ ಇನ್ನೊಬ್ಬ ಸಹಾಯಕಿ. ಜಾಗಕ್ಕೆ ಹಿಂದಿನ ದಿನವೇ ನಾನೊಬ್ಬಳೇ ಹೋಗಿ ಬರುತ್ತೇನೆ. ಶೌಚಾಲಯ ಎಲ್ಲಿದೆ, ಕೂರಲು ನೆರಳು ಎಲ್ಲಿದೆ, ಎಷ್ಟು ಹೊತ್ತಿಗೆ ಗದ್ದಲ ಜಾಸ್ತಿ, ಸಾಕಾದರೆ ಹೊರಗೆ ಬರುವ ದಾರಿ ಯಾವುದು, ಎಲ್ಲಾ ನೋಡಿಕೊಳ್ಳುತ್ತೇನೆ. ಮೊದಲ ತಿಂಗಳು ಬರೀ ಕುಕ್ಕರಹಳ್ಳಿ ಕೆರೆ. ಬೆಳಿಗ್ಗೆ ವಾಕಿಂಗ್ ಮಾಡುವವರ ಮಧ್ಯೆ ನಾವೂ ನಾಲ್ಕೈದು ಜನ, ಅಷ್ಟೇ. ಯಾರೂ ತಿರುಗಿ ನೋಡುವುದಿಲ್ಲ. ಆಮೇಲೆ ಬಸ್ಸು. ಅದಾದ ಮೇಲೆ ಮಾರುಕಟ್ಟೆ.

ಬಸ್ಸೇ ಒಂದು ದೊಡ್ಡ ಪಾಠ. ನಮ್ಮ ಗುಂಪಿನಲ್ಲಿ ಒಬ್ಬ ಟೀಚರ್ ಇದ್ದಾರೆ. ಪಾರ್ಶ್ವವಾಯು ಬಡಿದು ಮೆದುಳಿನ ಎಡಭಾಗಕ್ಕೆ ಏಟಾಗಿದೆ. ಅದರಿಂದ ಬಲಗೈ ಸೋತಿದೆ, ಮಾತೂ ಸಿಕ್ಕಿಹಾಕಿಕೊಂಡಿದೆ. ಹೇಳಬೇಕಾದ್ದು ತಲೆಯಲ್ಲಿದೆ, ಪದ ಮಾತ್ರ ಬಾಯಿಗೆ ಬರುವುದಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತ ತಾನೇ? ಆದರೂ ಶೂನ್ಯ ಟಿಕೆಟ್ ತೆಗೆದುಕೊಳ್ಳಬೇಕು. ಗುರುತಿನ ಚೀಟಿ ತೋರಿಸಬೇಕು, ಇಳಿಯುವ ಸ್ಟಾಪ್ ಹೇಳಬೇಕು. ಮೂರು ಕೆಲಸ, ಅದೂ ಓಡುವ ಬಸ್ಸಿನಲ್ಲಿ, ಒಂದೇ ಕೈಯಲ್ಲಿ. ಒಂದು ವಾರ ಬರೀ ಇದನ್ನೇ ಅಭ್ಯಾಸ ಮಾಡಿದೆವು. ಆಧಾರ್ ಕಾರ್ಡನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿದೆವು. ಅದರ ಹಿಂದೆ ಸ್ಟಾಪಿನ ಹೆಸರು ದಪ್ಪ ಅಕ್ಷರದಲ್ಲಿ. ಮೊದಲ ಸಲ ಕಾರ್ಡ್ ತಿರುಗಿಸಿ ತೋರಿಸಿದರು. ಐದನೇ ಸಲ ಬಾಯಲ್ಲೇ "ಮಾರ್ಕೆಟ್" ಅಂದರು. ಕಂಡಕ್ಟರಿಗೆ ಅದು ದಿನಕ್ಕೆ ನೂರು ಸಲ ಕೇಳುವ ಪದ. ನಾವು ಅವತ್ತು ಇಳಿದ ಮೇಲೆ ರಸ್ತೆ ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟಿದೆವು.

ದೇವರಾಜ ಮಾರುಕಟ್ಟೆಗೆ ಬೇಗ ಹೋಗುತ್ತೇವೆ, ಜನ ತುಂಬುವ ಮೊದಲು. ಪ್ರತಿಯೊಬ್ಬರ ಕೈಯಲ್ಲೂ ಒಂದು ಚೀಟಿ. ಆಟೋ ಅಣ್ಣನ ಚೀಟಿಯಲ್ಲಿ ಇದ್ದದ್ದು ಒಂದು ಮಾರು ಸೇವಂತಿಗೆ, ಒಂದು ಕಟ್ಟು ವೀಳ್ಯದೆಲೆ, ಅರ್ಧ ಕಿಲೋ ಸೊಗಡವರೆ. ಹತ್ತು ಗಂಟೆಗೆ ಮುಂಬಾಗಿಲ ಹತ್ತಿರ ಸಿಗಬೇಕು. ಅವರು ಹೂವಿನ ಅಂಗಡಿ ಎದುರು ಹೋಗಿ ನಿಂತರು. ನಿಂತೇ ಇದ್ದರು. ಐದು ನಿಮಿಷವಾಯಿತು. ಹೂವಿನವರು ನನ್ನ ಮುಖ ನೋಡಿದರು. ನನಗೆ ಬಾಯಿಗೆ ಬಂದಿತ್ತು, "ಕೇಳಿ ಅಣ್ಣ, ಎಷ್ಟು ಅಂತ ಕೇಳಿ." ಹೇಳಲಿಲ್ಲ. ಈ ಕೆಲಸದಲ್ಲಿ ಅತಿ ಕಷ್ಟದ್ದು ಇದೇ, ಸುಮ್ನೆ ನಿಲ್ಲುವುದು. ನಾನು ಹೇಳಿದರೆ ಹೂವು ಬರುತ್ತದೆ, ಆದರೆ ಶುರು ಮಾಡಿದ್ದು ನಾನಾಗುತ್ತೇನೆ. ಎಂಟನೇ ನಿಮಿಷಕ್ಕೆ ಹತ್ತಿರ ಹೋಗಿ ಚೀಟಿಯ ಮೇಲೆ ಬೆರಳಿಟ್ಟೆ, ಮಾತಾಡಲಿಲ್ಲ. ಆಗ ಅವರು "ಮಾರಿಗೆ ಎಷ್ಟು?" ಅಂದರು. ಮುಂದಿನ ವಾರ ಬೆರಳೂ ಬೇಡವಾಯಿತು, ನಾನು ಪಕ್ಕಕ್ಕೆ ಹೋಗಿ ನಿಂತರೆ ಸಾಕಿತ್ತು. ಮೊದಲು ಮಾತು, ಆಮೇಲೆ ಸನ್ನೆ, ಆಮೇಲೆ ಬರೀ ಹತ್ತಿರ ಇರುವುದು, ಕೊನೆಗೆ ದೂರ. ಒಂದೊಂದು ಮೆಟ್ಟಿಲಿಗೂ ವಾರಗಳು ಹಿಡಿಯುತ್ತವೆ.

ದುಡ್ಡಿನ ವಿಷಯದಲ್ಲಿ ನಾನು ಗಟ್ಟಿ. ಆದಷ್ಟು ನೋಟು, ಚಿಲ್ಲರೆಯೇ ಬಳಸಿಸುತ್ತೇನೆ. ಫೋನಿನಲ್ಲಿ ಸ್ಕ್ಯಾನ್ ಮಾಡುವುದು ಸುಲಭ, ನಿಜ. ಆದರೆ ಮನಸ್ಸಿಗೆ ಬಂದದ್ದನ್ನು ತಡೆಯುವ ಶಕ್ತಿ ಕಡಿಮೆಯಾದವರಿಗೆ ಅದೇ ಅಪಾಯ. ನಮ್ಮ ಗುಂಪಿನ ಇಂಜಿನಿಯರಿಂಗ್ ಹುಡುಗ ಒಂದೇ ಬೆಳಿಗ್ಗೆ ಮೂರು ವಾಚ್ ಕೊಂಡಿದ್ದ. ಕೈಯಲ್ಲಿ ನೂರರ ನೋಟು ಒಂದೇ ಇದ್ದರೆ ಅದು ಖಾಲಿಯಾಗುವುದು ಕಣ್ಣಿಗೆ ಕಾಣುತ್ತದೆ.

ಆ ಹುಡುಗನೇ ಒಂದು ದಿನ ಹೇಳಿದ: "ಮೇಡಂ, ಆ್ಯಕ್ಸಿಡೆಂಟ್ ಆದ್ಮೇಲೆ ನಾನು ಬರೀ ಇಸ್ಕೊಳ್ಳೋದೇ ಆಯ್ತು. ಎಲ್ರೂ ಕೊಡ್ತಾನೇ ಇದ್ದಾರೆ." ಸೇವೆಯ ಯೋಚನೆ ಬಂದದ್ದು ಅಲ್ಲಿಂದ. ಪೇಟೆಗೆ ಹೋಗಿ ಬರುವುದು ಕಲಿಕೆ. ಆದರೆ ಮನುಷ್ಯನಿಗೆ ತಾನು ಯಾರಿಗೋ ಬೇಕಾದವನು ಅನ್ನಿಸಬೇಕು, ಅಲ್ವಾ?

ಜಾಗ ಸಿಗುವುದು ಸುಲಭವಾಗಲಿಲ್ಲ. ಒಂದು ಕಡೆ ನಾವು ಕೆಲಸ ಮಾಡಲು ಹೋದರೆ ಅವರು ನಮ್ಮವರನ್ನೇ ಸಾಲಾಗಿ ಕೂರಿಸಿ, ಹಣ್ಣು ಹಂಚಿ, ಬ್ಯಾನರ್ ಹಿಡಿದು ಫೋಟೋ ತೆಗೆದುಕೊಂಡರು. ಟೀಚರ್ ಆ ಸೇಬನ್ನು ಕೈಯಲ್ಲಿ ಹಿಡಿದು ಬಗ್ಗಿಸಿದ ತಲೆ ಎತ್ತಲಿಲ್ಲ. ಅವತ್ತಿನಿಂದ ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಫೋಟೋ ಬೇಡ. ನಮಗೆ ನಿಜವಾದ ಕೆಲಸ ಬೇಕು, ನಾವು ಮಾಡದಿದ್ದರೆ ಬೇರೆಯವರು ಮಾಡಲೇಬೇಕಾದ ಕೆಲಸ.

ಕೊನೆಗೆ ಒಂದು ದಾಸೋಹದ ಅಡುಗೆಮನೆ ಸಿಕ್ಕಿತು. ಅಲ್ಲಿನ ಹಿರಿಯ ಅಡುಗೆಯವರು ನಾನು ಹೇಳಿದ್ದನ್ನೆಲ್ಲಾ ಕೇಳಿ, "ಕೂತು ಸೊಪ್ಪು ಬಿಡಿಸ್ತಾರಾ? ಹಾಗಾದ್ರೆ ಬರಲಿ" ಅಂದರು. ಅವರನ್ನು ನಾನು ಕೇಳಿಕೊಂಡದ್ದು ಇಷ್ಟೇ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಹೇಳಿದ ಮೇಲೆ ಅವಸರ ಮಾಡಬೇಡಿ. ಒಲೆಯ ಹತ್ತಿರ, ಈಳಿಗೆಯ ಹತ್ತಿರ ಸದ್ಯಕ್ಕೆ ಬೇಡ.

ನಾವು ಶುರು ಮಾಡಿದ್ದು ಡಿಸೆಂಬರಿನಲ್ಲಿ, ಅವರೆಕಾಯಿಯ ಕಾಲ. ಇದಕ್ಕಿಂತ ಒಳ್ಳೆಯ ಥೆರಪಿ ಸಾಮಾನು ನನ್ನ ಕೋಣೆಯಲ್ಲಿ ಯಾವುದೂ ಇಲ್ಲ. ಕಾಯಿ ಸುಲಿಯಲು ಎರಡು ಕೈ ಬೇಕು. ನೆನೆಸಿದ ಕಾಳನ್ನು ಹಿತುಕಲು ಹೆಬ್ಬೆರಳು, ತೋರುಬೆರಳು ಸಾಕು. ಅದುಮಿದರೆ ಬೇಳೆ ಪುಳಕ್ಕನೆ ಸಿಪ್ಪೆಯಿಂದ ಹೊರಗೆ ಹಾರುತ್ತದೆ. ಸರಿಯಾಯಿತೋ ಇಲ್ಲವೋ ಅಂತ ಬೆರಳಿಗೇ ಗೊತ್ತಾಗುತ್ತದೆ, ನಾನು ಹೇಳಬೇಕಿಲ್ಲ. ಟೀಚರ್ ಬಲಗೈಯಲ್ಲೇ ಹಿತುಕಿದರು. ಮೊದಲ ದಿನ ಒಂದು ಲೋಟ. ಪಕ್ಕದಲ್ಲಿ ಕೂತ ಹೆಂಗಸರು ಅಷ್ಟರಲ್ಲಿ ಒಂದು ಪಾತ್ರೆ ತುಂಬಿಸಿದ್ದರು. ಯಾರೂ ಲೆಕ್ಕ ಕೇಳಲಿಲ್ಲ, ಎಲ್ಲಾ ಒಂದೇ ಕೊಪ್ಪರಿಗೆಗೆ ಹೋಯಿತು. ಮಾತು ಬಾರದಿದ್ದರೂ ಅಲ್ಲಿ ನಡೆಯುತ್ತದೆ. ಅವರು ಮಾತಾಡುತ್ತಾರೆ, ಇವರು ನಗುತ್ತಾರೆ. ನಡುನಡುವೆ ಒಂದು ಪದ ಹೊರಗೆ ಬರುತ್ತದೆ.

ಹುಡುಗ ಮೂರನೇ ವಾರ ಒಬ್ಬ ಹೆಂಗಸಿನ ಮೈಯ ಬಗ್ಗೆ ಆಡಬಾರದ ಮಾತು ಆಡಿಬಿಟ್ಟ. ಅಡುಗೆಮನೆ ಮೌನವಾಯಿತು. ಬಾಯಿಗೆ ಬಂದದ್ದನ್ನು ತಡೆಯುವ ಶಕ್ತಿಯೂ ಹಣೆಯ ಹಿಂದೆಯೇ ಇರುವುದು. ಹಾಗಂತ ಕೇಳಿದವರಿಗೆ ನೋವಾಗುವುದಿಲ್ಲ ಅಂತಲ್ಲ. ಅವನನ್ನು ಹೊರಗೆ ಕರೆದು ನಡೆದದ್ದನ್ನು ಸಮಾಧಾನವಾಗಿ ಹೇಳಿದೆ. ಅವನೇ ಒಳಗೆ ಹೋಗಿ ಕ್ಷಮೆ ಕೇಳಿದ. ಈಗ ನಮ್ಮಿಬ್ಬರಲ್ಲಿ ಒಂದು ಗುರುತಿದೆ. ನಾನು ಕೈಗಡಿಯಾರ ಮುಟ್ಟಿದರೆ, "ನಿಲ್ಲು, ಯೋಚಿಸು" ಅಂತ. ಅವನಿಗೆ ಅವಮಾನವಾಗುವುದಿಲ್ಲ, ಬೇರೆಯವರಿಗೆ ಗೊತ್ತೂ ಆಗುವುದಿಲ್ಲ.

ದಣಿವಿನ ಬಗ್ಗೆ ಮನೆಯವರಿಗೆ ಒತ್ತಿ ಹೇಳುತ್ತೇನೆ. ಇದು ನಮ್ಮ ನಿಮ್ಮ ದಣಿವಿನಂತಲ್ಲ. ಚೆನ್ನಾಗಿ ಇದ್ದವರು ಒಮ್ಮೆಲೇ ಬರಿದಾಗುತ್ತಾರೆ. ಮಾತು ತೊದಲುತ್ತದೆ, ಸಿಟ್ಟು ಬರುತ್ತದೆ. ಹಾಗಾಗಿ ನಲವತ್ತೈದು ನಿಮಿಷ ಕೆಲಸ, ಹದಿನೈದು ನಿಮಿಷ ಹೊರಗೆ ನೆರಳಲ್ಲಿ. "ಇನ್ನೂ ಸ್ವಲ್ಪ ಮಾಡ್ತೀವಿ" ಅನ್ನುವಾಗಲೇ ಹೊರಡಿಸುತ್ತೇನೆ. ಭಾನುವಾರ ಪೂರ್ತಿ ಖಾಲಿ ಇಡಿ ಅನ್ನುತ್ತೇನೆ. ಶುಕ್ರವಾರ ರಾತ್ರಿ ನಿದ್ದೆ ಕೆಟ್ಟಿದ್ದರೆ, ಮಾತ್ರೆ ತಪ್ಪಿದ್ದರೆ, ಶನಿವಾರ ಬರುವುದು ಬೇಡ. ತಲೆಗೆ ಪೆಟ್ಟಾದವರಿಗೆ ಫಿಟ್ಸ್ ಬರಬಹುದು, ನಿದ್ದೆ ಕೆಟ್ಟರೆ ಇನ್ನೂ ಜಾಸ್ತಿ. ಅಡುಗೆಮನೆಯವರಿಗೂ ಮೊದಲ ದಿನವೇ ಕಲಿಸಿದೆ. ಕೈಗೆ ಕಬ್ಬಿಣ, ಬೀಗದಕೈ ಕೊಡಬೇಡಿ. ಬಾಯಿಗೆ ಏನೂ ತುರುಕಬೇಡಿ, ನೀರೂ ಬೇಡ. ಪಕ್ಕಕ್ಕೆ ಹೊರಳಿಸಿ, ತಲೆ ಕೆಳಗೆ ಮೆತ್ತಗೆ ಏನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

"ಪೂರ್ತಿ ಗುಣವಾದ ಮೇಲೆ ಹೊರಗೆ ಕಳಿಸ್ತೀವಿ" ಅನ್ನುವ ಮನೆಗಳು ಇನ್ನೂ ಇವೆ. ಜನ ಏನಂತಾರೋ ಅನ್ನುವ ಭಯ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಶನಿವಾರ ನಮ್ಮ ಜೊತೆ ಸುಮ್ನೆ ಬಂದು ಕೂತು ನೋಡಿ ಅನ್ನುತ್ತೇನೆ. ಕೆಲವರು ಬಂದಿದ್ದಾರೆ.

ಜನವರಿಯ ಕೊನೆಯ ಶನಿವಾರ. ಹಿತಕಿದ ಬೇಳೆಯ ಪಾತ್ರೆ ಟೀಚರ್ ಎದುರು ತುಂಬಿ ತುಳುಕುತ್ತಿತ್ತು. ಆಟೋ ಅಣ್ಣ ಮೂಲೆಯಲ್ಲಿ ಕಾಯಿ ಸುಲಿಯುತ್ತಿದ್ದವರು ಎದ್ದರು. ನಾನು ಏನೂ ಹೇಳಿರಲಿಲ್ಲ. ಬೇರೆ ಯಾರೂ ಹೇಳಿರಲಿಲ್ಲ. ಹೋಗಿ ಆ ಪಾತ್ರೆ ಎತ್ತಿ ಕೊಪ್ಪರಿಗೆಗೆ ಸುರಿದು, ಖಾಲಿ ಪಾತ್ರೆಯನ್ನು ತಂದು ಮತ್ತೆ ಅವರ ಮುಂದಿಟ್ಟರು. ಆಮೇಲೆ ತಮ್ಮ ಜಾಗಕ್ಕೆ ಹೋಗಿ ಕೂತರು.

ಸಂಜೆ ಅವರ ಹೆಂಡತಿಗೆ ಫೋನ್ ಮಾಡಿದೆ. "ಯಾರು ಹೇಳಿದ್ರು ಮೇಡಂ?" ಅಂತ ಕೇಳಿದರು. ಯಾರೂ ಹೇಳಲಿಲ್ಲ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ. ಆಮೇಲೆ ಕೇಳಿದರು, "ಅವರೆಕಾಯಿ ಮುಗೀತಲ್ಲ, ಮುಂದಿನ ತಿಂಗಳು ಏನು ಕೆಲಸ ಕೊಡ್ತೀರಿ?"

ಅಡುಗೆಯವರನ್ನು ಕೇಳಿದ್ದೇನೆ. ಹುಣಸೆಹಣ್ಣು ಬರುತ್ತಂತೆ, ಬೀಜ ತೆಗೆಯಬೇಕಂತೆ. ಅದಕ್ಕೆ ಸುತ್ತಿಗೆ ಬೇಕು. ಸುತ್ತಿಗೆ ಕೊಡಬಹುದಾ ಅಂತ ಈ ವಾರ ಕೋಣೆಯಲ್ಲಿ ನೋಡಬೇಕು.