ಎರೆ ಭೂಮಿಯ ಮೇಲೆ 14 ಮೆಗಾಹರ್ಟ್ಸ್‌ನ ಲಂಬ ಆಂಟೆನಾ: ಮನೆಯಲ್ಲೇ ಕಟ್ಟುವ ಬಗೆ

ಹವ್ಯಾಸಿ ರೇಡಿಯೊಗಾಗಿ ಲಂಬ ಆಂಟೆನಾ ಕಟ್ಟಲು ಹೊರಟವರು ಸಾಮಾನ್ಯವಾಗಿ ನೆಟ್ಟಗೆ ನಿಲ್ಲುವ ಗಳದ ಬಗ್ಗೆಯೇ ಚಿಂತಿಸುತ್ತಾರೆ. ಆದರೆ ಆಂಟೆನಾದ ಇನ್ನರ್ಧ ಇರುವುದು ನೆಲದ ಮೇಲೆ ಸುತ್ತಲೂ ಹಾಸುವ ರೇಡಿಯಲ್ ತಂತಿಗಳಲ್ಲಿ. ಅವುಗಳಲ್ಲಿ ಜಿಪುಣತನ ಮಾಡಿದರೆ ಗಳ ಎಷ್ಟು ಚೆನ್ನಾಗಿ ನಿಂತರೂ ಪ್ರಯೋಜನವಿಲ್ಲ.

ಪ್ರಸಾರ ಮಾಡಲು ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿ ಕಡ್ಡಾಯ. ಅದು ಕೈಯಲ್ಲಿದ್ದವರಿಗೆ 20 ಮೀಟರ್ ಬ್ಯಾಂಡ್‌ನಿಂದ, ಅಂದರೆ ಸುಮಾರು 20 ಮೀಟರ್ ತರಂಗದೂರದ 14 ಮೆಗಾಹರ್ಟ್ಸ್ ಆವರ್ತನಗಳಿಂದ, ಆರಂಭಿಸುವುದು ಅನುಕೂಲ, ಏಕೆಂದರೆ ಇದರ ಕಾಲು ತರಂಗದೂರದ ಆಂಟೆನಾ ಒಂದು ಬಿದಿರಿನ ಎತ್ತರಕ್ಕೆ ಸರಿಹೊಂದುತ್ತದೆ. ಲಂಬ ಆಂಟೆನಾ ದಿಗಂತದ ಸಮೀಪದ ಕೋನದಲ್ಲಿ ತರಂಗಗಳನ್ನು ಕಳಿಸುವುದರಿಂದ ದೂರದ ದೇಶಗಳಿಗೆ ಒಳ್ಳೆಯದು. ಹೈದರಾಬಾದಿನವರೊಡನೆಯೋ ಬೆಂಗಳೂರಿನವರೊಡನೆಯೋ ಮಾತನಾಡುವುದೇ ಮುಖ್ಯವಾಗಿದ್ದರೆ 7 ಮೆಗಾಹರ್ಟ್ಸ್‌ನ ಅಡ್ಡ ಡೈಪೋಲ್ (ನಡುವೆ ಕೇಬಲ್ ಸೇರಿಸಿ ಎರಡೂ ಬದಿಗೆ ಅಡ್ಡಲಾಗಿ ಎಳೆದ ತಂತಿ) ಕಟ್ಟುವುದೇ ಸರಿ.

ಅಳತೆಯ ಲೆಕ್ಕ ಸುಲಭ. 71.3 ಅನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಲಂಬ ತಂತಿಯ ಉದ್ದ ಮೀಟರುಗಳಲ್ಲಿ ಸಿಗುತ್ತದೆ, 14.150ಕ್ಕೆ ಅದು ಸುಮಾರು 5.04 ಮೀಟರ್. ಮೊದಲು 5.20 ಮೀಟರ್ ಇಟ್ಟುಕೊಂಡು ನಂತರ ಕತ್ತರಿಸುತ್ತಾ ಬರಬೇಕು. ಮನೆಯ ವೈರಿಂಗಿಗೆ ಬಳಸುವ 1 ಚದರ ಮಿಲಿಮೀಟರ್ ತಾಮ್ರದ ತಂತಿಯ 90 ಮೀಟರ್ ಸುರುಳಿ ಒಂದಿದ್ದರೆ ಇಡೀ ಆಂಟೆನಾಕ್ಕೆ ಸಾಕು: ತಲಾ 5 ಮೀಟರಿನ 16 ರೇಡಿಯಲ್‌ಗಳಿಗೆ 80 ಮೀಟರ್, ಉಳಿದದ್ದರಲ್ಲಿ ಲಂಬ ತಂತಿ. ನೆಲಕ್ಕೆ ತಾಗಿದ ರೇಡಿಯಲ್‌ಗಳ ಉದ್ದ ಒಂದು ಗೇಣು ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ, ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನೂ ಸುಲಿಯಬೇಕಿಲ್ಲ.

ಲಂಬ ತಂತಿಯನ್ನು ಉದ್ದಕ್ಕೂ ಕಟ್ಟಲು ಸುಮಾರು 6 ಮೀಟರಿನ ಒಣ ಬಿದಿರನ್ನು ಆರಿಸಿ. ವಿದ್ಯುತ್ ಕಂಬದ ತಂತಿಗಳು ಅದರ ಎತ್ತರದ ಎರಡು ಪಟ್ಟಿಗಿಂತ ದೂರದಲ್ಲಿರಬೇಕು. ಇದರಲ್ಲಿ ರಾಜಿ ಬೇಡ. ಕಲಬುರಗಿಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುವುದರಿಂದ ಅದರಲ್ಲಿ ನೆಟ್ಟ ಗಳ ವಾಲುತ್ತದೆ. ಆದ್ದರಿಂದ ಎರಡು ಅಡಿ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬದೆ ಗರಸು ಹಾಕಿ ದಮ್ಮಸು ಮಾಡಿ, ಮೂರು ದಿಕ್ಕಿಗೆ ನೈಲಾನ್ ಹಗ್ಗ ಬಿಗಿಯಿರಿ. ಕಬ್ಬಿಣದ ತಂತಿಯಿಂದ ಎಳೆದು ಕಟ್ಟಬಾರದು, ಅದು ಆಂಟೆನಾದ ಅಳತೆಯನ್ನೇ ಕೆಡಿಸುತ್ತದೆ.

ಬಿದಿರಿನ ಬುಡದಲ್ಲಿ ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಹಿತ್ತಾಳೆಯ ನ್ಯೂಟ್ರಲ್ ಲಿಂಕ್ (ಸಾಲು ರಂಧ್ರಗಳೂ ಸ್ಕ್ರೂಗಳೂ ಇರುವ ಪಟ್ಟಿ) ಒಂದನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂಡಿಸಿ, ರೇಡಿಯಲ್‌ಗಳ ತುದಿಗಳನ್ನು ಸುಲಿದು ರಂಧ್ರಕ್ಕೆ ಎರಡರಂತೆ ಸ್ಕ್ರೂ ಬಿಗಿಯಿರಿ. 50 ಓಮ್ ಕೋಆಕ್ಸಿಯಲ್ ಕೇಬಲ್‌ನ ಹೊರ ಜಾಲರಿಯೂ ಇದೇ ಲಿಂಕ್‌ಗೆ ಸೇರಬೇಕು, ನಡುವಿನ ತಂತಿ ಲಂಬ ತಂತಿಗೆ. ಪೆಟ್ಟಿಗೆಯ ಹತ್ತಿರವೇ ಕೇಬಲ್ಲನ್ನು ಒಂದು ಗೇಣಗಲದ ಸಿಂಬೆಯಾಗಿ ಎಂಟು ಹತ್ತು ಸುತ್ತು ಸುತ್ತಿದರೆ ರೇಡಿಯೊ ಪ್ರವಾಹ ಜಾಲರಿಯ ಹೊರಮೈಯಲ್ಲಿ ಮನೆಯೊಳಕ್ಕೆ ಹರಿದು ಬರುವುದು ತಗ್ಗುತ್ತದೆ. ರೇಡಿಯಲ್‌ಗಳನ್ನು ಎಲ್ಲ ದಿಕ್ಕಿಗೂ ಹಾಸಿ, ಕಾಲಿಗೆ ತೊಡರದಂತೆ ದಪ್ಪ ತಂತಿಯ ಕೊಂಡಿಗಳಿಂದ ನೆಲಕ್ಕೆ ಒತ್ತಬೇಕು.

ಈಗ ಎಸ್‌ಡಬ್ಲ್ಯೂಆರ್ ಮೀಟರ್. ಆಂಟೆನಾ 50 ಓಮ್ ಕೇಬಲ್‌ಗೆ ಎಷ್ಟು ಹೊಂದುತ್ತದೆ ಎಂಬುದನ್ನು ಇದು ತೋರಿಸುತ್ತದೆ, 1.0 ಎಂದರೆ ಪೂರ್ಣ ಹೊಂದಿಕೆ. ಮೀಟರಿನ ಅತಿ ಕಡಿಮೆ ಅಂಕೆ 14 ಮೆಗಾಹರ್ಟ್ಸ್‌ಗಿಂತ ಕೆಳಗಿನ ಆವರ್ತನದಲ್ಲಿ ಬಂದರೆ ತಂತಿ ಉದ್ದವಾಗಿದೆ ಎಂದರ್ಥ. ಒಂದು ಸೆಂಟಿಮೀಟರ್ ಕತ್ತರಿಸಿದರೆ ಆವರ್ತನ ಸುಮಾರು 28 ಕಿಲೋಹರ್ಟ್ಸ್ ಮೇಲೇರುತ್ತದೆ. ಈ ಹಂತದಲ್ಲೇ ಹಲವರು ಮೋಸ ಹೋಗುತ್ತಾರೆ. ಕಾಲು ತರಂಗದೂರದ ಲಂಬ ಆಂಟೆನಾದ ವಿಕಿರಣ ರೋಧ, ಅಂದರೆ ತರಂಗವಾಗಿ ಹೊರಹೋಗುವ ಶಕ್ತಿಯನ್ನು ಸೂಚಿಸುವ ರೋಧ, ಸುಮಾರು 36 ಓಮ್. ಅಂದರೆ ನೆಲ ಪರಿಪೂರ್ಣವಾಗಿದ್ದು ನಷ್ಟವೇ ಇಲ್ಲದಿದ್ದರೆ ಮೀಟರ್ ತೋರಿಸಬೇಕಾದದ್ದು 50 ಅನ್ನು 36ರಿಂದ ಭಾಗಿಸಿದಷ್ಟು, ಸುಮಾರು 1.4. ಕೇವಲ ಎರಡು ಮೂರು ರೇಡಿಯಲ್ ಹಾಕಿದಾಗ ಮಣ್ಣಿನ ನಷ್ಟ 14 ಓಮ್‌ನಷ್ಟು ಸೇರಿಕೊಂಡರೆ ಒಟ್ಟು 50 ಆಗಿ ಮೀಟರ್ ಸೊಗಸಾದ 1.0 ತೋರಿಸುತ್ತದೆ, ಆದರೆ ಕಳಿಸಿದ 100 ವಾಟ್‌ನಲ್ಲಿ 28 ವಾಟ್ ಮಣ್ಣನ್ನು ಕಾಯಿಸುವುದಕ್ಕೇ ಹೋಗುತ್ತದೆ. ರೇಡಿಯಲ್ ಸೇರಿಸುತ್ತಾ ಹೋದಂತೆ ಎಸ್‌ಡಬ್ಲ್ಯೂಆರ್ ತುಸು ಏರಿದರೆ ಅದು ದೋಷವಲ್ಲ, ನಷ್ಟ ಇಳಿಯುತ್ತಿದೆ ಎಂಬುದರ ಗುರುತು. 1.5ರೊಳಗಿರುವ ತನಕ ಯಾವ ರೇಡಿಯೊಗೂ ತೊಂದರೆಯಿಲ್ಲ.

ಹಸಿ ಇರುವ ಎರೆಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ನಮ್ಮ ಕಡೆ 16 ರೇಡಿಯಲ್‌ಗಳಿಂದ ತೃಪ್ತಿಕರ ಫಲ ಸಿಗುತ್ತದೆ. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗಿಹೋಗುವುದರಿಂದ ಅಲ್ಲಿಯವರು ಇನ್ನೊಂದು ಸುರುಳಿ ತಂದು ಸಂಖ್ಯೆಯನ್ನು ಇಮ್ಮಡಿಗೊಳಿಸುವುದು ಲೇಸು.

ಮುಂಗಾರಿಗೆ ಮುನ್ನ ಗುಡುಗು ಸಿಡಿಲು ಬರುವ ದಿನಗಳಲ್ಲಿ ಬಳಕೆ ಮುಗಿದ ಕೂಡಲೇ ಕೇಬಲ್ಲನ್ನು ರೇಡಿಯೊದಿಂದ ಕಳಚಿ ಗೋಡೆಯ ಹೊರಗಿಡಬೇಕು. ಮೋಡ ಕವಿದ ಮೇಲೆ ಅದನ್ನು ಮುಟ್ಟಲು ಹೋಗಬಾರದು. ಮೊದಲ ದೊಡ್ಡ ಮಳೆಯ ನಂತರ ಪೆಟ್ಟಿಗೆ ತೆರೆದು ನೀರು ನುಗ್ಗಿದೆಯೇ ನೋಡಿ, ಹಸಿರು ಕಿಲುಬು ಹಿಡಿದ ತುದಿಗಳನ್ನು ಕತ್ತರಿಸಿ ಹೊಸದಾಗಿ ಸುಲಿದು ಬಿಗಿಯಿರಿ, ಸಡಿಲಾದ ಹಗ್ಗಗಳನ್ನು ಎಳೆದು ಕಟ್ಟಿ, ಎಸ್‌ಡಬ್ಲ್ಯೂಆರ್ ಮತ್ತೊಮ್ಮೆ ಅಳೆಯಿರಿ.