ಬಸವನಗುಡಿಯಲ್ಲಿ ಫ್ಲಾಟ್ ಹುಡುಕಬೇಡಿ, ಕಾಗದ ಹುಡುಕಿ

ಹಳೇ ಬೆಂಗಳೂರಿನಲ್ಲಿ ಒಂದು ಒಳ್ಳೇ ದೊಡ್ಡ ಫ್ಲಾಟು ತಗೋಬೇಕು ಅಂದಾಗ ನನಗೆ ಬುದ್ಧಿ ಹೇಳದವರಿಲ್ಲ. “ಭಾವ, ಬಸವನಗುಡೀಲಿ ಮನೆ ಮಾರಾಟಕ್ಕೆ ಬರಲ್ಲ, ಮದುವೆ ಸಂಬಂಧದಲ್ಲಿ ಬರುತ್ತೆ” ಅಂತ ಭಾಮೈದ ನಗಾಡಿದ. ನಾಲ್ಕು ಕೋಟಿಗೆ ಕನಕಪುರ ರಸ್ತೆಯಲ್ಲಿ ಈಜುಕೊಳ, ಕ್ಲಬ್‌ಹೌಸ್, ಇಪ್ಪತ್ತನೇ ಮಹಡಿಯ ಗಾಳಿ ಎಲ್ಲ ಸಿಗುವಾಗ ಗಾಂಧಿಬಜಾರಿನ ಒಳರಸ್ತೆಯ ಹಳೇ ಕಟ್ಟಡ ಯಾಕೆ ಅಂದವರು ಬೇರೆ. 2025ರ ಶ್ರಾವಣದಲ್ಲಿ ರಿಜಿಸ್ಟ್ರೇಷನ್ ಮುಗಿಯಿತು. ಅದಾದ ಮೇಲೆ ಅದೇ ಜನ ಒಬ್ಬೊಬ್ಬರಾಗಿ ಫೋನ್ ಮಾಡಿ “ಹೇಗೆ ಹಿಡಿದ್ರಿ?” ಅಂತ ಕೇಳತೊಡಗಿದರು. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ. ಇ.ಸಿ. ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ಖಾತಾ ಅಂದರೆ ಪಾಲಿಕೆಯ ಆಸ್ತಿ ತೆರಿಗೆ ದಾಖಲೆ, ಓ.ಸಿ. ಅಂದರೆ ಕಟ್ಟಡದಲ್ಲಿ ವಾಸಿಸಬಹುದು ಅಂತ ಪಾಲಿಕೆ ಕೊಡುವ ಪ್ರಮಾಣಪತ್ರ. ಇದಕ್ಕಿಂತ ಹೆಚ್ಚು ವಿವರಿಸುತ್ತಾ ಕೂರೋಲ್ಲ. ಈ ಕೆಲಸಕ್ಕೆ ಇಳಿದವರಿಗೆ ಉಳಿದದ್ದು ಗೊತ್ತಿರುತ್ತೆ.

ಮೊದಲ ಒಂದೂವರೆ ವರ್ಷ ಎಲ್ಲರ ಹಾಗೆ ಬ್ರೋಕರುಗಳ ಹಿಂದೆಯೇ ಸುತ್ತಿದೆ. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಗೆ ಹತ್ತಿರ ಒಂದು ಸಿಕ್ಕಿತ್ತು. ತೇಗದ ಬಾಗಿಲು, ಮೂರು ಕಡೆ ಬೆಳಕು, ಬಾಲ್ಕನಿಗೆ ತಾಗುವ ಹೊಂಗೆ ಮರ. ನಕ್ಷೆ ಕೇಳಿದರೆ ಮಂಜೂರಾದದ್ದು ಒಂದು ಮಹಡಿ ಕಡಿಮೆ. ನನಗೆ ತೋರಿಸಿದ ಫ್ಲಾಟೇ ಆ ಹೆಚ್ಚುವರಿ ಮಹಡಿಯಲ್ಲಿ! ಓ.ಸಿ. ಇಲ್ಲವೇ ಇಲ್ಲ. “ಎಲ್ಲರದೂ ಹೀಗೇ ಸಾರ್, ಅಕ್ರಮ-ಸಕ್ರಮ ಬಂದಾಗ ಸರಿಹೋಗುತ್ತೆ” ಅಂದ ಬ್ರೋಕರ್. ಅಕ್ರಮ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟಿನ ತಡೆ ಬಿದ್ದದ್ದು 2017ರ ಜನವರಿಯಲ್ಲಿ. ಸಾಲದ್ದಕ್ಕೆ 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಓ.ಸಿ. ನೋಡದೆ ನೀರು, ವಿದ್ಯುತ್ ಸಂಪರ್ಕ ಕೊಡಬೇಡಿ, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಲಿ ಅಂತ ಹೇಳಿತು. ನಾನು ಬಿಟ್ಟ ಮೇಲೆ ಆ ಫ್ಲಾಟಿನ ಬೆಲೆ ಐವತ್ತು ಲಕ್ಷ ಇಳಿಯಿತಂತೆ. ಇನ್ನೂ ಐವತ್ತು ಇಳಿದರೂ ಬೇಡ.

ಶಂಕರಪುರದ್ದು ಇನ್ನೂ ನೋವಿನ ಕಥೆ. ಫ್ಲಾಟು ಚೊಕ್ಕ, ಓ.ಸಿ. ಇತ್ತು, ಮಾತು ಬೆಲೆಯವರೆಗೂ ಬಂದಿತ್ತು. ಜಾಗದ ಮೂಲಪತ್ರ ಹಿಡಿದು ಹಿಂದಕ್ಕೆ ಹೋದರೆ ಅಣ್ಣತಮ್ಮಂದಿರು ಮಾಡಿಕೊಂಡ ವಿಭಾಗ ಬರೀ ಬಿಳಿ ಕಾಗದದ ಪಾಲುಪಟ್ಟಿ. ಅಕ್ಕತಂಗಿಯರ ಸಹಿ ಇಲ್ಲ. ಹೆಣ್ಣುಮಕ್ಕಳ ಹಕ್ಕಿನ 2005ರ ತಿದ್ದುಪಡಿ ರಕ್ಷಣೆ ಕೊಡುವುದು 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯಾದ ವಿಭಾಗಗಳಿಗೆ ಮಾತ್ರ. ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಡಿ, ಖರ್ಚು ನಾನೇ ಹಾಕುತ್ತೇನೆ ಅಂದೆ. “ನಮ್ಮ ಮನೆ ಹೆಣ್ಣುಮಕ್ಕಳ ವಿಷಯ ನಿಮಗ್ಯಾಕೆ?” ಅಂತ ಎದ್ದು ಹೋದರು. ವಕೀಲರ ಫೀಜು, ಹಳೇ ಪತ್ರಗಳ ನಕಲು ಅಂತ ಎಂಬತ್ತು ಸಾವಿರದ ಹತ್ತಿರ ಅಲ್ಲೇ ಕರಗಿತು.

ನಡುವೆ ಬ್ಯಾಂಕ್ ಹರಾಜನ್ನೂ ನೋಡಿದೆ. ರಿಚ್ಮಂಡ್ ಟೌನಿನ ಫ್ಲಾಟು, ಮಾರುಕಟ್ಟೆಗಿಂತ ಕಾಲುಭಾಗ ಕಡಿಮೆ. ಹತ್ತು ಪರ್ಸೆಂಟ್ ಠೇವಣಿ ಇಡಬೇಕು, ಹರಾಜು ನಮ್ಮ ಹೆಸರಿಗೆ ಬಿದ್ದರೆ ಮಾರನೇ ದಿನದೊಳಗೆ ಅದೂ ಸೇರಿ ಕಾಲುಭಾಗ, ಉಳಿದದ್ದು ಹದಿನೈದು ದಿನದಲ್ಲಿ. ಅಷ್ಟರಲ್ಲಿ ಯಾವ ಬ್ಯಾಂಕೂ ನಮಗೆ ಸಾಲ ಕೊಟ್ಟು ಮುಗಿಸೋಲ್ಲ. ಒಳಗೆ ಹಳೇ ಮಾಲೀಕರು ಇನ್ನೂ ಸಂಸಾರ ಮಾಡಿಕೊಂಡಿದ್ದರು, ಸಂಘಕ್ಕೆ ವರ್ಷಗಟ್ಟಲೆ ಬಾಕಿ. ನಗದು ಗಂಟು ಇಟ್ಟುಕೊಂಡು ಕೋರ್ಟು ಅಲೆಯುವ ಚಟ ಇದ್ದವರಿಗೆ ಅದು ಸರಿ.

ಇಷ್ಟಾದ ಮೇಲೆ ಒಂದು ಸಂಗತಿ ತಲೆಗೆ ಹೊಳೆಯಿತು. ಈ ಏರಿಯಾಗಳ ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಿನವು ಹಳೇ ಬಂಗಲೆ ಒಡೆದು ಜಂಟಿ ಅಭಿವೃದ್ಧಿಯಲ್ಲಿ ಕಟ್ಟಿದವು. ಅರ್ಧದಷ್ಟು ಫ್ಲಾಟು ಜಾಗದ ಮನೆಯವರಿಗೆ, ಉಳಿದದ್ದು ಬಿಲ್ಡರಿಗೆ. ಜಾಗದವರ ಪಾಲು ಮಕ್ಕಳಿಗೆ ಹಂಚಿಹೋಗಿರುತ್ತೆ. ಅವರಲ್ಲಿ ಒಬ್ಬರಾದರೂ ಹೊರದೇಶದಲ್ಲಿ ಇದ್ದೇ ಇರುತ್ತಾರೆ, ಫ್ಲಾಟು ಬೀಗ ಹಾಕಿರುತ್ತೆ. ಮಾರುವ ಮನಸ್ಸಿರುತ್ತೆ, ಕಾಗದದ ಗೋಜಿಗೆ ಹೆದರಿ ಸುಮ್ಮನಿರುತ್ತಾರೆ. ಬ್ರೋಕರಿನ ಪಟ್ಟಿಗೆ ಇವು ಬರುವುದೇ ಇಲ್ಲ. ಹಾಗಾಗಿ ಫ್ಲಾಟು ನೋಡೋದನ್ನೇ ನಿಲ್ಲಿಸಿ ಕಾಗದ ನೋಡೋಕೆ ಶುರು ಮಾಡಿದೆ.

ಭಾನುವಾರ ಬೆಳಗ್ಗೆ ಕೃಷ್ಣರಾವ್ ಪಾರ್ಕಿನ ಸುತ್ತ, ಬ್ಯೂಗಲ್ ರಾಕ್ ಹಿಂದೆ, ಗಾಂಧಿಬಜಾರಿನ ಅಡ್ಡರಸ್ತೆಗಳಲ್ಲಿ ನಡೆದು ಎಂಟರಿಂದ ಹನ್ನೆರಡು ಮನೆಗಳಿರುವ ಕಟ್ಟಡಗಳನ್ನು ಮಾತ್ರ ಪುಸ್ತಕದಲ್ಲಿ ಬರೆದುಕೊಂಡೆ. ಸಣ್ಣ ಕಟ್ಟಡವೇ ಯಾಕೆ? ಇಲ್ಲಿ ಎಷ್ಟು ಕಟ್ಟಬಹುದು ಅನ್ನೋದನ್ನು ರಸ್ತೆಯ ಅಗಲ ತೀರ್ಮಾನಿಸುತ್ತೆ. ಒಳರಸ್ತೆ ಕಿರಿದು, ಮಹಡಿ ಕಡಿಮೆ, ಆದ್ದರಿಂದ ಒಂದೊಂದು ಮನೆಗೂ ನೆಲದ ಅವಿಭಜಿತ ಪಾಲು (ಯುಡಿಎಸ್) ಜಾಸ್ತಿ. ನಾನು ತಗೊಂಡ 2,200 ಚದರಡಿ ಮನೆಗೆ ಬಂದ ಯುಡಿಎಸ್ ಹೆಚ್ಚುಕಡಿಮೆ 1,050 ಚದರಡಿ. ಊರಾಚೆಯ ಗೋಪುರಗಳಲ್ಲಿ ಇದೇ ಅಳತೆಗೆ ನನಗೆ ತೋರಿಸಿದ್ದು ನಾನೂರು, ಐನೂರು. ಚದರಡಿಗೆ ಹದಿನೆಂಟು ಸಾವಿರ ಕೊಟ್ಟೆ ಅಂತ ಬಾಯಿ ಬಿಡುವವರು ಈ ಲೆಕ್ಕ ಹಾಕೋಲ್ಲ. ಅಕ್ಕಪಕ್ಕದ ಖಾಲಿ ನೆಲದ ದರದಲ್ಲಿ ನನ್ನ ಪಾಲಿನ ನೆಲವೇ ಮೂರು ಕೋಟಿಯ ಹತ್ತಿರ ಬರುತ್ತೆ.

ಇ.ಸಿ. ತೆಗೆಸುವುದು ಹೇಳಿದಷ್ಟು ಸುಲಭವಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತೆ, ಅದಕ್ಕೂ ಹಿಂದಿನದು ಕೈಬರಹದ್ದು. ಬಸವನಗುಡಿ 1890ರ ದಶಕದಲ್ಲಿ ಹಾಕಿದ ಬಡಾವಣೆ, 1898ರ ಪ್ಲೇಗಿನ ಮೇಲೆ ಪೇಟೆಯಿಂದ ಜನ ಬಂದು ತುಂಬಿದ್ದು. ಒಂದೊಂದು ನಿವೇಶನಕ್ಕೂ ನಾಲ್ಕು ತಲೆಮಾರು, ಹಳೇ ನಂಬರು, ಹೊಸ ನಂಬರು, ನಡುವೆ ಇನ್ನೊಂದು ನಂಬರು. ಹಳೇ ನಂಬರನ್ನು ಹೊಸದಕ್ಕೆ ಜೋಡಿಸಲು ನನ್ನದೇ ಒಂದು ದಾರಿ ಇದೆ, ಅದನ್ನು ಇಲ್ಲಿ ಬರೆಯೋಲ್ಲ. ಜೋಡಿಸಿದ ಮೇಲೆ ಜಂಟಿ ಅಭಿವೃದ್ಧಿ ಒಪ್ಪಂದ, ಹಂಚಿಕೆ ಪತ್ರದ ನಕಲು ತೆಗೆಸಿದೆ. ಯಾವ ಫ್ಲಾಟು ಯಾವ ಮಗನಿಗೆ, ಯಾವ ಮಗಳಿಗೆ ಅಂತ ಅದರಲ್ಲೇ ಇರುತ್ತೆ.

ಮುಂದೆ ನನ್ನ ಅಸ್ತ್ರ ಆ ಮಾಲೀಕರಿಗೆ ಬರೆದ ಕೈಬರಹದ ಕಾಗದ. ಕನ್ನಡದಲ್ಲಿ, ಶಾಯಿ ಪೆನ್ನಲ್ಲಿ, ಒಂದೇ ಪುಟ. ಮೂವತ್ತರ ಆಸುಪಾಸು ಕಾಗದ ಕೊಟ್ಟಿರಬಹುದು, ಆರೋ ಏಳೋ ಜನ ಉತ್ತರ ಕೊಟ್ಟರು. ಏನು ಬರೆದೆ ಅಂತ ಕೇಳಬೇಡಿ. ಬೆಲೆಯ ಸುದ್ದಿ ಎತ್ತಿರಲಿಲ್ಲ, ಅಷ್ಟು ಹೇಳಬಲ್ಲೆ.

ಉತ್ತರ ಕೊಟ್ಟವರಲ್ಲಿ ಒಬ್ಬರು ಎಂಬತ್ತು ದಾಟಿದ ತಾಯಿ. ನೆಲಮಹಡಿಯಲ್ಲಿ ಅವರಿದ್ದರು, ಎರಡನೇ ಮಹಡಿಯದು ಅಮೆರಿಕದಲ್ಲಿರುವ ಮಗನದು. ಕಾಫಿ ಕೊಟ್ಟು, ನಾವು ಯಾವ ಊರಿನ ಕಡೆಯವರು, ಹೆಂಡತಿ ಯಾರ ಮನೆ ಮಗಳು ಎಲ್ಲ ಕೇಳಿದ ಮೇಲೆ “ನೀವು ಬಾಡಿಗೆಗೆ ಕೊಡ್ತೀರೋ, ಇಲ್ಲಿ ಇರ್ತೀರೋ?” ಅಂದರು. “ಇರ್ತೀವಮ್ಮ” ಅಂದೆ. “ಹಾಗಾದ್ರೆ ಅವನಿಗೆ ಹೇಳ್ತೀನಿ.” ವ್ಯವಹಾರ ಅರ್ಧ ಮುಗಿದದ್ದು ಅಲ್ಲೇ.

ಮಗ ಕೇಳಿದ್ದು ನಾಲ್ಕೂಕಾಲು ಕೋಟಿಗೂ ಮೇಲೆ. ಆಷಾಢದಲ್ಲಿ ಮಾತಿಗೆ ಕೂತೆ. ಆ ತಿಂಗಳು ಬೇರೆ ಗಿರಾಕಿ ಬರೋಲ್ಲ, ಬಂದರೂ ಮುಂಗಡ ಕೊಡೋಲ್ಲ. ಆದರೆ ಬೆಲೆ 3.9 ಕೋಟಿಗೆ ಇಳಿದದ್ದು ಆಷಾಢದಿಂದಲ್ಲ, ಕೊಳ್ಳುವವರೇ ಬೆಲೆಯಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆಯಾದ ಟಿಡಿಎಸ್‌ನಿಂದ. ಇಲ್ಲಿರುವವರ ಹತ್ತಿರ ಕೊಂಡರೆ 1% ಹಿಡಿದರೆ ಆಯಿತು. ಅನಿವಾಸಿಗಳ ಹತ್ತಿರ ಕೊಂಡರೆ ಈ ಬೆಲೆಗೆ 12.5%, ಅದರ ಮೇಲೆ ಸರ್‌ಚಾರ್ಜು, ಸೆಸ್ಸು ಸೇರಿ 15%ಕ್ಕೆ ಕೂದಲೆಳೆ ಕಡಿಮೆ. ಅದೂ ಲಾಭದ ಮೇಲಲ್ಲ, ಇಡೀ ಹಣದ ಮೇಲೆ ಹಿಡಿಯಬೇಕು: 58 ಲಕ್ಷ! ಹಿಂದೆ ಬಂದ ಗಿರಾಕಿಯೊಬ್ಬರು ಬ್ರೋಕರ್ ಮಾತು ಕೇಳಿ ಒಂದು ಪರ್ಸೆಂಟ್ ಸಾಕು ಅಂದಿದ್ದಕ್ಕೆ ಮಗ ಗಾಬರಿಯಾಗಿ ಹಿಂದೆ ಸರಿದಿದ್ದರಂತೆ. ಆದಾಯ ತೆರಿಗೆ ಇಲಾಖೆಗೆ ಅರ್ಜಿ (ಆಗ ಫಾರ್ಮ್ 13) ಹಾಕಿ ಕಡಿಮೆ ಕಡಿತದ ಪ್ರಮಾಣಪತ್ರ ತರಬಹುದು ಅಂತ ಅವರಿಗೆ ತಿಳಿಸಿ, ನನ್ನ ಆಡಿಟರನ್ನೇ ಜೊತೆ ಮಾಡಿಕೊಟ್ಟೆ. ಫೀಜು ನನ್ನದೇ. ಕಡಿತ ಸುಮಾರು ಅರ್ಧಕ್ಕೆ ಇಳಿಯಿತು, ನಾನು ಟ್ಯಾನ್ (ತೆರಿಗೆ ಹಿಡಿದು ಕಟ್ಟುವವರ ನಂಬರು) ತೆಗೆದುಕೊಂಡು ಕಟ್ಟಿದೆ. ಫೀಜಿಗೆ ಐವತ್ತು ಸಾವಿರ ಚೆಲ್ಲಿ ಬೆಲೆಯಲ್ಲಿ ನಲವತ್ತು ಲಕ್ಷ ಉಳಿಸಿದವನು ನಾನೊಬ್ಬನೇ ಇರಬೇಕು.

ಇ-ಖಾತಾದಲ್ಲಿ ಇನಿಷಿಯಲ್ ಕಾಟ. ಹಂಚಿಕೆ ಪತ್ರದಲ್ಲಿ ಎರಡಕ್ಷರದ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದದ್ದು. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ಟು, ಸರ್ಟಿಫಿಕೇಟು ಅಂತ ಒಂದೂವರೆ ತಿಂಗಳು ಹೋಯಿತು. ಮಗನ ಪರವಾಗಿ ಸಹಿ ಹಾಕುವ ಅಧಿಕಾರಪತ್ರ (ಜಿಪಿಎ) ತಾಯಿಯ ಹೆಸರಿಗೆ. ಅಲ್ಲಿನ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿದ್ದಕ್ಕೆ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಇದನ್ನು ಮರೆಯುವವರೇ ಜಾಸ್ತಿ. ಮುದ್ರಾಂಕ, ಸೆಸ್ಸು ಎಲ್ಲ ಸೇರಿ ನೋಂದಣಿಗೆ ಆಗ ಒಟ್ಟು 6.6%, ಅಂದರೆ 26 ಲಕ್ಷದ ಹತ್ತಿರ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1% ಇದ್ದದ್ದು 2% ಆಯಿತು. ಭಾದ್ರಪದ ಆಗಲಿ ಅಂತ ಕೂತಿದ್ದರೆ ಇನ್ನೂ ನಾಲ್ಕು ಲಕ್ಷ ಬೀಳುತ್ತಿತ್ತು.

ಕೊಳ್ಳುವ ಮೊದಲು ಮಾಡಿದ ಎರಡು ಪರೀಕ್ಷೆ ಹೇಳಿಬಿಡುತ್ತೇನೆ. ಕಾರ್ತೀಕದ ಕೊನೇ ಸೋಮವಾರ, ಕಡಲೆಕಾಯಿ ಪರಿಷೆಯ ಸಂಜೆ, ನನ್ನ ಪಟ್ಟಿಯ ಕಟ್ಟಡಗಳಿಗೆ ಕಾರು ತಗೊಂಡು ಹೋಗಿ ನೋಡಿದೆ. ಬುಲ್ ಟೆಂಪಲ್ ರಸ್ತೆ ಕಡೆಯ ಕೆಲವಕ್ಕೆ ಗೇಟಿನ ತನಕವೂ ಹೋಗಲಾಗಲಿಲ್ಲ. ಪರಿಷೆಯ ದಿನಗಳಲ್ಲಿ ಕಾರು ಆಚೆ ಬಿಡಲು ಒಪ್ಪುವವರಿಗೆ ಅವೂ ಚೆನ್ನ. ನಾನು ಪಟ್ಟಿಯಿಂದ ಹೊಡೆದು ಹಾಕಿದೆ. ಇನ್ನೊಂದು, ಸಂಘದ ಕಾರ್ಯದರ್ಶಿ ಹತ್ತಿರ 2024ರ ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ ಕೇಳಿ. ಆ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್ಲುಗಳಲ್ಲಿ ಅನೇಕ ಕೈಕೊಟ್ಟಿದ್ದವು. ಆಗ ವಾರಕ್ಕೆ ಒಂದೆರಡು ಟ್ಯಾಂಕರಿನಲ್ಲಿ ನಡೆಸಿದ ಕಟ್ಟಡ ಯಾವ ಕಾಲಕ್ಕೂ ನಡೆಯುತ್ತೆ. ಬಿಲ್ ತೋರಿಸಲು ಹಿಂದೇಟು ಹಾಕಿದರೆ ವಾಚ್‌ಮನ್ನನ್ನು ಕೇಳಿ, ಅವನಿಗೆ ನೆನಪಿರುತ್ತೆ.

ಒಳಗಿನ ಕೆಲಸಕ್ಕೆ 28 ಲಕ್ಷ ಆಯಿತು, ಪೈಪು, ವೈರಿಂಗು, ಅಡುಗೆಮನೆ. ಬಾಲ್ಕನಿಗೆ ಹಳೇ ಕಾಲದ ಕೆಂಪು ಗಾರೆ ನೆಲ ಹಾಕಿಸುವ ಆಸೆ. ಮೊದಲನೇ ಮೇಸ್ತ್ರಿ ಟೈಲ್ಸ್ ಮೇಲೇ ಬಳಿದ, ವಾರದಲ್ಲಿ ಬಿರುಕು. ಎರಡನೆಯವರು ತಮಿಳುನಾಡಿನ ಕಡೆಯ ವಯಸ್ಸಾದವರು. ಟೈಲ್ಸ್ ಕಿತ್ತು, ಸಣ್ಣ ಸಣ್ಣ ಚೌಕವಾಗಿ ಹಾಕಿ, ಹತ್ತು ದಿನ ನೀರು ನಿಲ್ಲಿಸಿ, ಕೊಬ್ಬರಿ ಎಣ್ಣೆಯಲ್ಲಿ ಉಜ್ಜಿದರು. ಮುಖ ಕಾಣುವ ಹಾಗಿದೆ. ಚದರಡಿಗೆ ಲೆಕ್ಕ ಹಾಕಿದರೆ ಇಟಾಲಿಯನ್ ಮಾರ್ಬಲ್‌ಗಿಂತ ದುಬಾರಿ ಆಯಿತು, ಮನೆಯಲ್ಲಿ ಈ ಲೆಕ್ಕ ಹೇಳಿಲ್ಲ.

ಈಗ ಷಡ್ಡಕರಿಗೆ ಮಲ್ಲೇಶ್ವರದಲ್ಲಿ ಇದೇ ದಾರಿಯಲ್ಲಿ ಹುಡುಕುತ್ತಿದ್ದೇನೆ. ಅಲ್ಲಿ ಮುಖ್ಯರಸ್ತೆ, ಅಡ್ಡರಸ್ತೆ ನಂಬರು ಅಚ್ಚುಕಟ್ಟಾಗಿರುವುದರಿಂದ ಇ.ಸಿ. ಬೇಗ ಸಿಗುತ್ತಿದೆ, ಓ.ಸಿ. ಇರುವ ಸಣ್ಣ ಕಟ್ಟಡ ಮಾತ್ರ ಕಡಿಮೆ. ಎಂಟನೇ ಕ್ರಾಸಿನ ಆಚೀಚೆ ನಾಲ್ಕು ಕಟ್ಟಡ ಪುಸ್ತಕ ಸೇರಿವೆ, ಎರಡಕ್ಕೆ ಕಾಗದ ಕೊಟ್ಟು ಬಂದಿದ್ದೇನೆ.